ರತ್ನಕ್ಕನನ್ನು ಕಾಗೆ ಮುಟ್ಟದ ಚಳಿಗಾಲ

ನಮ್ಮ ಮನೆಯಲ್ಲಿ ಮುಟ್ಟಿಗೆ ಮುಟ್ಟು ಅನ್ನದಿದ್ದ ಕಾಲದ ಮಾತಿದು. ಅರವತ್ತರ ದಶಕ, ದಾವಣಗೆರೆ ಮಂಡಿಪೇಟೆಯ ಹಿಂದಿನ ಓಣಿ. ಅಮ್ಮ ತಿಂಗಳಿಗೆ ಮೂರು ದಿನ ಬೇರೆ ತಟ್ಟೆ, ಬೇರೆ ಚೊಂಬು ಇಟ್ಟುಕೊಂಡು ಹಿತ್ತಿಲ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಲಿಂಗ ಕಟ್ಟಿದವರಿಗೆ ಆ ಮೈಲಿಗೆ ಇಲ್ಲ ಅಂತ ದೊಡ್ಡವರು ಬಾಯಲ್ಲಿ ಹೇಳುತ್ತಿದ್ದರು, ಕಟ್ಟೆಯನ್ನು ಮಾತ್ರ ಖಾಲಿ ಬಿಡುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ ಮಕ್ಕಳಿಗೆ ಒಂದೇ ಉತ್ತರ: "ಕಾಗೆ ಮುಟ್ಟೈತೆ." ನನಗೆ ಒಂಬತ್ತು ವರ್ಷ. ಹಿತ್ತಿಲ ನುಗ್ಗೆಮರದ ತುಂಬ ಕಾಗೆಗಳೇ ಇದ್ದವು. ನಂಬದಿರಲು ಕಾರಣವೇ ಇರಲಿಲ್ಲ.

ಆ ವರ್ಷ ದಸರಾ ಹೊತ್ತಿಗೆ ಊರಿಗೊಂದು ನಾಟಕ ಕಂಪನಿ ಬಂತು. ಅದರ ನಾಯಕಿ ರತ್ನಕ್ಕ, ಅವಳ ತಾಯಿ ಶಾಂತವ್ವ ನಮ್ಮ ಮುಂದಿನ ಕೋಣೆಗೆ ಬಾಡಿಗೆಗೆ ಬಂದರು. ರತ್ನಕ್ಕನಿಗೆ ಹತ್ತೊಂಬತ್ತು. ಹೊಸ ನಾಟಕದಲ್ಲಿ ಅವಳು ರಾಣಿ. ಕೋಟೆ ಕಳೆದುಕೊಂಡು, ಗಂಡುಡುಪು ತೊಟ್ಟು, ಎರಡು ವರ್ಷ ಕಾಡಿನಲ್ಲಿದ್ದು ಯುದ್ಧ ಮಾಡಿ ಗೆಲ್ಲುವವಳು. ಬೇರೆ ಊರಲ್ಲಾದರೆ ಕತ್ತಿ ಹಿಡಿದು ಎರಡು ಸುತ್ತು ಬಂದರೆ ನಡೆಯುತ್ತಿತ್ತು. ನಮ್ಮದು ಗರಡಿಯ ಊರು. ಮುಂದಿನ ಸಾಲಿನಲ್ಲಿ ಪೈಲ್ವಾನರೇ ಕೂತಿರುತ್ತಾರೆ, ಹೆಜ್ಜೆ ತಪ್ಪಿದರೆ ಸೀಟಿ ಹೊಡೆಯುತ್ತಾರೆ. ಅದಕ್ಕೇ ಕಂಪನಿಯ ಯಜಮಾನರು ಅವಳಿಗೆ ಸಾಮು ಕಲಿಸಲು ಗರಡಿಯ ಒಬ್ಬ ವಸ್ತಾದಿಯನ್ನು ಗೊತ್ತು ಮಾಡಿದರು.

ದಿನಾ ಬೆಳಗ್ಗೆ ನಮ್ಮ ಹಿತ್ತಿಲಲ್ಲೇ ಪಾಠ. ಇನ್ನೂರು ಬಸ್ಕಿ, ನೂರು ದಂಡ, ಆಮೇಲೆ ಕೋಲು ತಿರುಗಿಸುವುದು. ಎಳ್ಳೆಣ್ಣೆ, ಬೆವರು, ಒದ್ದೆ ಮಣ್ಣು ಕೂಡಿದ ಒಂದು ವಾಸನೆ ಅಡುಗೆಮನೆವರೆಗೂ ಬರುತ್ತಿತ್ತು. ಬಸ್ಕಿ ಎಣಿಸುವವಳು ನಾನು. ಹಾಲು, ತುಪ್ಪ, ಬಾದಾಮಿ ಕೊಡಿ ಅಂತ ವಸ್ತಾದಿ ಹೇಳಿ ಹೋಗುತ್ತಿದ್ದ. ಉಡುಪು ಬಿಗಿಯಾದರೆ ರಾಣಿ ರಾಣಿಯಂತೆ ಕಾಣುವುದಿಲ್ಲ ಅಂತ ಯಜಮಾನರು ಹೇಳಿ ಹೋಗುತ್ತಿದ್ದರು. ಶಾಂತವ್ವ ಕೇಳಿದ್ದು ಯಜಮಾನರ ಮಾತು: ಅರ್ಧ ರೊಟ್ಟಿ, ಒಂದು ಲೋಟ ಮಜ್ಜಿಗೆ. ನಾನು ಮಂಡಕ್ಕಿ ಮಿರ್ಚಿ ತಂದರೆ ರತ್ನಕ್ಕ ಮಿರ್ಚಿಯನ್ನು ಮೂಸಿ ವಾಪಸು ಕೊಡುತ್ತಿದ್ದಳು.

ಒಂದು ದಿನ ಕೇಳಿದೆ. "ಅಕ್ಕಾ, ರಾಣಿ ಎರಡು ವರ್ಷ ಕುದುರೆ ಮ್ಯಾಲೇ ಇರ್ತಾಳಲ್ಲ, ಕಾಗೆ ಮುಟ್ಟಿದ್ರೆ ಎಲ್ಲಿ ಕುಂದ್ರತಾಳೆ?"

ರತ್ನಕ್ಕ ಬಸ್ಕಿ ನಿಲ್ಲಿಸಿ ಕುಸಿದು ಕೂತು ನಕ್ಕಳು. "ನಾಟಕ ಬರೆದ ಮಾಸ್ತರನ್ನ ಕೇಳು. ಅವರ ಹೆಂಡ್ರು ಹೇಳಿದ್ರೆ ಗೊತ್ತಿರತೈತೆ, ಇಲ್ಲಾಂದ್ರ ಇಲ್ಲ."

ರತ್ನಕ್ಕನಿಗೆ ಹರಿಹರದಲ್ಲಿ ಗಂಡು ಗೊತ್ತಾಗಿತ್ತು. ಬಟ್ಟೆ ಅಂಗಡಿಯ ಹುಡುಗ, ನಾಟಕ ನೋಡಿ ಮೆಚ್ಚಿದವನು. ನಾಟಕದವಳನ್ನು ಸೊಸೆ ಮಾಡಿಕೊಳ್ಳಲು ಅವನ ತಾಯಿ ಹೇಗೋ ಒಪ್ಪಿದ್ದಳು. ಮಗಳು ಊರೂರು ಅಲೆಯುವುದು ತಪ್ಪಿ ಒಂದು ಮನೆಯಲ್ಲಿ ನಿಂತರೆ ಸಾಕು ಅನ್ನುವುದೊಂದೇ ಶಾಂತವ್ವನ ಆಸೆ.

ಸಂಕ್ರಾಂತಿ ಕಳೆದ ಮೇಲೆ ಹುಡುಗನ ತಾಯಿ ಮುಹೂರ್ತದ ಮಾತಿಗೆ ಬಂದಳು. ಮುಹೂರ್ತ ಇಡುವ ಮುಂಚೆ ಹುಡುಗಿಯ ದಿನ ಯಾವಾಗ ಅಂತ ಕೇಳುವುದು ಎಲ್ಲ ಮನೆಗಳ ವಾಡಿಕೆ. ಕೇಳಿದಳು. ಶಾಂತವ್ವ "ಹುಣ್ಣಿಮೆ... ಅಮಾಸಿ ಹಿಂದೆ ಮುಂದೆ..." ಅಂತ ತೊದಲಿದಳು. ಆ ತಾಯಿ ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗಿದಳು.

"ಏನವಾ, ನಿಮ್ಮ ಅಕ್ಕ ಈ ತಿಂಗ್ಳು ಯಾವಾಗ ಹೊರಗೆ ಕುಂತಿದ್ಲು?"

ನಾನು ಹೆಮ್ಮೆಯಿಂದ ಹೇಳಿದೆ. "ರತ್ನಕ್ಕ ಒಂದ್ ಸಲಾನೂ ಕುಂತಿಲ್ರಿ. ನಮ್ಮ ಮನಿಗೆ ಬಂದಾಗಿಂದ ಆಕಿನ್ನ ಕಾಗೆ ಮುಟ್ಟೇ ಇಲ್ಲ. ಆಕಿ ಕೋಲು ತಿರುಗ್ಸೋದು ನೋಡಿದ್ರೆ ಕಾಗೆ ಹತ್ರ ಬರ್ತಾವೇನ್ರಿ?"

ಆ ತಾಯಿ ಕಾಫಿ ಲೋಟ ಕೆಳಗಿಟ್ಟಳು. "ನಾಕು ತಿಂಗ್ಳು. ನಮಗೆ ಮೊಮ್ಮಗ ಬೇಕಿದ್ದ ನಿಜ ಶಾಂತವ್ವಾರೆ. ಮದಿವಿಗಿಂತ ಮುಂಚೆ ಬ್ಯಾಡಾಗಿದ್ದ."

ಅಮ್ಮ ಹಿತ್ತಿಲಿಗೆ ಓಡಿಹೋಗಿ ಅಜ್ಜಿಯನ್ನು ಕರೆದಳು. ನನ್ನ ತಾಯಿಯ ತಾಯಿ; ಆವರಗೆರೆಯಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದವಳು. ಅಜ್ಜಿ ರತ್ನಕ್ಕನನ್ನು ಒಳಗೆ ಕರೆದುಕೊಂಡು ಹೋಗಿ, ಹೊಟ್ಟೆ ಒತ್ತಿ ನೋಡಿ, ಕೈ ತೊಳೆದುಕೊಂಡು ಬಂದು ಕೂತಳು.

"ಹೊಟ್ಟೆ ಖಾಲಿ ಐತೆ. ಕೈಗೆ ಬರೇ ಎಲುವು ಸಿಗ್ತಾವೆ. ನಮ್ಮೂರ ಹೆಣ್ಮಕ್ಳು ಕೆರೆ ಏರಿ ಕೆಲಸಕ್ಕೆ ಹೋದ ವರ್ಷ ಐದಾರು ಮಂದಿಗೆ ಹಿಂಗೇ ನಿಂತಿತ್ತು. ದಿನಾ ಮಣ್ಣು ಹೊತ್ರು, ಅರ್ಧ ಹೊಟ್ಟೆ ಉಂಡ್ರು. ಮೈಯಾಗೆ ಏನೂ ಉಳೀಲಿಲ್ಲ ಅಂದ್ರೆ ಮೈ ಏನು ಹೊರಗೆ ಹಾಕತೈತೆ? ಕೆಲಸ ಮುಗೀತು, ಉಣ್ಣಾಕೆ ಸಿಕ್ತು, ತಾನೇ ಬಂತು. ಎರಡು ತಿಂಗ್ಳು ತಡೀರಿ. ಬಸುರಿದ್ರೆ ಮುಚ್ಚಿಡಾಕೆ ಆಗತೈತಾ?"

"ಹೊಟ್ಟೆ ಬರತೈತೋ ಇಲ್ಲೋ ಅಂತ ನಾನು ಕಾಯ್ಕೊಂಡು ಕುಂದ್ರಬೇಕೇನ್ರಿ?" ಅಂದಳು ಆ ತಾಯಿ. ಆಮೇಲೆ ಸ್ವಲ್ಪ ಇಳಿದು, "ಇವತ್ತೇ ಪಾತ್ರ ಬಿಡ್ಲಿ. ನಮ್ಮ ಮನಿಗೆ ಬಂದು ನನ್ನ ಕಣ್ಮುಂದೆ ಎರಡು ತಿಂಗ್ಳು ಇರ್ಲಿ. ನೋಡೋಣ."

ಶಾಂತವ್ವ ಮಗಳ ಕೈ ಹಿಡಿದುಕೊಂಡಳು. ರತ್ನಕ್ಕ ಬಿಡಿಸಿಕೊಂಡಳು. "ಪಾತ್ರ ಬೇಕಾದ್ರೆ ಬಿಡ್ತಿದ್ದೆ. ಕಣ್ಮುಂದೆ ಇರು ಅಂದ್ರಲ್ಲ, ಅದಕ್ಕೆ ಬರಲ್ರಿ."

ಎಂಟು ದಿನಕ್ಕೆ, ಗಂಡು ಗೊತ್ತಾದಾಗ ಕೊಟ್ಟಿದ್ದ ಸೀರೆ, ಕುಪ್ಪಸ ವಾಪಸು ಬೇಕೆಂದು ಹರಿಹರದಿಂದ ಆಳು ಬಂದ. ನಾಟಕ ನಡೆಯಿತು, ಪೈಲ್ವಾನರು ಸೀಟಿ ಹೊಡೆಯಲಿಲ್ಲ, ಚಪ್ಪಾಳೆ ಹೊಡೆದರು. ಶಿವರಾತ್ರಿ ಆದ ಮೇಲೆ ಕಂಪನಿ ಊರು ಬಿಟ್ಟಿತು. ಮಳೆಗಾಲದಲ್ಲಿ ಶಾಂತವ್ವನ ಕಾರ್ಡು ಬಂತು: ಸಾಮು ನಿಲ್ಲಿಸಿ ಮೂರು ತಿಂಗಳಾಯಿತು, ಮಗಳು ಹೊಟ್ಟೆ ತುಂಬ ಉಣ್ಣುತ್ತಾಳೆ, ಅಜ್ಜಿ ಹೇಳಿದ ಹಾಗೇ ಆಯಿತು. ಅಷ್ಟರಲ್ಲಿ ಹರಿಹರದ ಹುಡುಗನಿಗೆ ಬೇರೆ ಕಡೆ ಮದುವೆಯಾಗಿತ್ತು.

ನನ್ನ ಮೊಮ್ಮಗಳು ಈಗ ಓಟದ ತರಬೇತಿಗೆ ಹೋಗುತ್ತಾಳೆ. ಎರಡು ತಿಂಗಳು ಮುಟ್ಟು ತಪ್ಪಿದಾಗ ಅವಳ ಕೋಚ್ ಮೇಡಂ ತಾವೇ ಫೋನು ಮಾಡಿ, ಊಟ ಸಾಲುತ್ತಿಲ್ಲ, ಡಾಕ್ಟರಿಗೆ ತೋರಿಸಿ ಅಂದರು. ಅಳಿಯ ಊಟಕ್ಕೆ ಕೂತಲ್ಲೇ ವಿಷಯ ಕೇಳಿಸಿಕೊಂಡು ಅವಳ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದ. ಅಷ್ಟೇ ನಡೆದದ್ದು. ಆ ಕಟ್ಟೆ, ಆ ಪಿಸುಮಾತು ಹೋದದ್ದಕ್ಕೆ ನನಗೆ ಒಂದು ಚೂರೂ ದುಃಖ ಇಲ್ಲ.

ಹೋದದ್ದರಲ್ಲಿ ದುಃಖ ಇರುವುದು ಒಂದಕ್ಕೇ. ಹರಿಹರದ ತಾಯಿ ಎದ್ದು ಹೋದ ದಿನದಿಂದ ಓಣಿಯವರೆಲ್ಲ ರತ್ನಕ್ಕನ ಹೊಟ್ಟೆ ನೋಡಲು ಶುರುಮಾಡಿದರು. ನಾನೂ ನೋಡಿದೆ. ಒಂದು ಬೆಳಗ್ಗೆ ಬಸ್ಕಿ ಎಣಿಸುತ್ತಾ ನೋಡುತ್ತಿದ್ದಾಗ ಅವಳು ನನ್ನ ಕಣ್ಣು ಎಲ್ಲಿದೆ ಅಂತ ಕಂಡುಕೊಂಡಳು. ಬೈಯಲಿಲ್ಲ. "ನೀ ಸಾಲಿಗೆ ಹೋಗವ್ವ, ಹೊತ್ತಾಗತೈತೆ" ಅಂದಳು. ಮಾರನೇ ದಿನದಿಂದ ತಾನೇ ಎಣಿಸಿಕೊಂಡಳು.