ಶಜರ್ ಕೆಳಗಿನ ಕಲ್ಲಣಬೆ

ಕಲ್ಲಣಬೆ ಹುಡುಕಲು ಮರಳುಗಾಡಿಗೆ ಹೋಗುತ್ತೇವೆ ಎಂದಾಗ ನನ್ನ ಗಂಡ ಮೊಬೈಲಿನಿಂದ ತಲೆಯನ್ನೇ ಎತ್ತಲಿಲ್ಲ. "ಓಡಿಹೋಗದ ಪ್ರಾಣಿಯ ಬೇಟೆಗೆ ಮೂರು ವಾರದ ಪ್ಲಾನು ಯಾಕೆ ಮಾರಾಯ್ತಿ?" ಎಂದರು. ತಮಾಷೆಗೆ ಹೇಳಿದ ಮಾತು. ನನಗೆ ಮಾತ್ರ ಮೈ ಉರಿಯಿತು. ಮಸ್ಕತ್ತಿನ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಾರ್ಚ್ ತಿಂಗಳ ಒಂದು ಶನಿವಾರದ ಚೌಕದೊಳಗೆ ಕೆಂಪು ಪೆನ್ನಿನಿಂದ "ಬೇಟೆ" ಎಂದೇ ಬರೆದಿಟ್ಟೆ.

ಬೇಟೆಗಾರರು ಇಬ್ಬರೇ. ಮದೀನತ್ ಸುಲ್ತಾನ್ ಖಾಬೂಸಿನ ಶಾಲೆಯೊಂದರಲ್ಲಿ ಟೀಚರಾಗಿರುವ ನಾನು, ಮತ್ತು ನನ್ನ ಗೆಳತಿ. ಅವಳ ಇಬ್ಬರು ಮಕ್ಕಳೂ ನನ್ನ ಕೈಕೆಳಗೆ ಕಲಿತವರು. ಅವರು ಕಾಲೇಜು ಮುಗಿಸಿ ಊರಲ್ಲಿ ಕೆಲಸಕ್ಕೆ ಸೇರಿದರೂ ಅವಳ ಬಾಯಲ್ಲಿ ನಾನು ಇನ್ನೂ ಟೀಚರೇ. ನನ್ನದು ಪುತ್ತೂರಿನ ಕಡೆ, ಅವಳದು ಉಳ್ಳಾಲದ ಬ್ಯಾರಿ ಮನೆ. ಅವಳ ಗಂಡನಿಗೆ ಘಾಲಾದಲ್ಲಿ ಗ್ಯಾರೇಜು. ಅದರ ಮೇಲಿನ ಮಹಡಿಯಲ್ಲೇ ಮನೆ.

ಶುರುವಾದದ್ದು ಹಿಂದಿನ ವರ್ಷ ಬರ್ಕಾದ ಮಾರ್ಕೆಟಿನಲ್ಲಿ. ಮೀನು ತರಲು ಹೋದವರು ನಾವು. ಒಬ್ಬ ಮುದುಕ ಪ್ಲಾಸ್ಟಿಕ್ ಬೋಗುಣಿಯಲ್ಲಿ ಮಣ್ಣು ಮೆತ್ತಿದ ಉಂಡೆಗಳನ್ನು ಇಟ್ಟುಕೊಂಡು ಕೂತಿದ್ದ. ನಾನು ಆಲೂಗಡ್ಡೆ ಎಂದುಕೊಂಡು ಮುಂದೆ ಹೋದೆ. ಅವಳು ಕುಕ್ಕರಗಾಲಲ್ಲಿ ಕೂತು ಒಂದನ್ನು ಮೂಗಿಗೆ ಹಿಡಿದಳು.

"ಟೀಚರೇ, ಬನ್ನಿ ಇಲ್ಲಿ. ಇದು ನಮ್ಮ ಕಲ್ಲಣಬೆಯ ದೊಡ್ಡಪ್ಪ."

ಮೂಸಿ ನೋಡಿದೆ, ಹೌದು. ಮೊದಲ ಗುಡುಗು ಮಳೆ ಬಿದ್ದ ಮೇಲೆ ನಮ್ಮ ಗುಡ್ಡಗಳಲ್ಲಿ ಮರದ ಬುಡದ ಮಣ್ಣು ಕೆದಕಿ ತೆಗೆಯುತ್ತೇವಲ್ಲ, ನೆಲ್ಲಿಕಾಯಿ ಗಾತ್ರದ ಅಣಬೆ, ಅದರದೇ ವಾಸನೆ. ಮುದುಕ ಇದನ್ನು ಫಗಾ ಎಂದ. ಎಲ್ಲಿ ಸಿಕ್ಕಿತು ಎಂದು ಅವಳು ತನ್ನ ಅರೆಬರೆ ಅರಬಿಯಲ್ಲಿ ಕೇಳಿದಳು. ಅವನು ಕೈಯನ್ನು ದಕ್ಷಿಣಕ್ಕೆ ಬೀಸಿ "ಆದಂ" ಎಂದ. ಆದಂ ಊರು ದಾಟಿದರೆ ಬರೀ ಬಯಲು. ಅದರಲ್ಲಿ ಎಲ್ಲಿ ಎಂದು ಮತ್ತೆ ಕೇಳಿದಳು. ಅವನು ಗಡ್ಡ ಸವರಿ ನಕ್ಕ. ಚಳಿಗಾಲದಲ್ಲಿ ಗುಡುಗಬೇಕು, ಆಮೇಲೆ ವಾರಗಟ್ಟಲೆ ಕಾಯಬೇಕು, ಶಜರ್ ಕೆಳಗೆ ನೋಡಬೇಕು ಎಂದ. ಅಷ್ಟೇ. ಶಜರ್ ಅಂದರೆ ಮರ ಎಂದು ಅವಳು ನನಗೆ ಹೇಳಿದಳು. ನಾವು ಹೆಚ್ಚು ಒತ್ತಾಯಿಸಲಿಲ್ಲ. ನಮ್ಮಲ್ಲೂ ಕಲ್ಲಣಬೆ ಸಿಗುವ ಜಾಗವನ್ನು ಸ್ವಂತ ನಾದಿನಿಗೂ ಹೇಳುವುದಿಲ್ಲ.

ಮುಂದಿನ ವರ್ಷ ಹೋಗುವ ಎಂದುಕೊಂಡೆವು. ಆ ಮುಂದಿನ ವರ್ಷ ಬರುವಷ್ಟರಲ್ಲಿ ಅವಳ ಗಂಡ ಗ್ಯಾರೇಜು ಬಿಟ್ಟುಕೊಟ್ಟು ಊರಿಗೆ ಮರಳುವುದೆಂದು ತೀರ್ಮಾನಿಸಿದ್ದರು. ಮಾರ್ಚ್ ಕೊನೆಗೆ ಟಿಕೆಟ್. ಈ ಸುದ್ದಿಯನ್ನು ಅವಳು ನಮ್ಮ ಶಾಲೆಯ ಪಾರ್ಕಿಂಗಿನಲ್ಲಿ, ನನ್ನ ಕಾರಿನೊಳಗೆ ಕೂತು ಹೇಳಿದಳು.

"ಇಪ್ಪತ್ತೆರಡು ವರ್ಷ ಆಯ್ತು ಟೀಚರೇ. ಯಾರೋ ಕರ್ಕೊಂಡು ಹೋದಲ್ಲಿಗೆ ಹೋದೆ, ಯಾರೋ ತೋರಿಸಿದ್ದನ್ನು ನೋಡಿದೆ. ನಾಳೆ ಊರಲ್ಲಿ ಒಮಾನ್ ಹೇಗುಂಟು ಅಂತ ಕೇಳಿದರೆ ನಾನು ಎಂತ ಹೇಳುವುದು? ಕಿಚನ್ ಕಿಟಕಿಯಿಂದ ಎದುರಿನ ಗೋಡೌನಿನ ಶೀಟು ಕಾಣ್ತದೆ ಅಂತಲಾ? ಇದು ನಾನೇ ಹುಡುಕಿದ್ದು ಅಂತ ಒಂದಾದರೂ ಬೇಕು ನನಗೆ."

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ನಾನೇ ಅತ್ತೇನೆಂದು, ನಿಂತ ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿಲ್ಲ ಎಂದು ಅವಳನ್ನೇ ಬೈದೆ.

ಪ್ಲಾನು ಅಲ್ಲಿಂದಲೇ. ಆ ಚಳಿಗಾಲದಲ್ಲಿ ಆದಮಿನ ಕಡೆ ಗುಡುಗಿದ ದಿನವನ್ನು ಅವಳು ಬರೆದಿಟ್ಟುಕೊಂಡಿದ್ದಳು. ಮೊಬೈಲಿನ ಮ್ಯಾಪಿನಲ್ಲಿ ನೀರು ನಿಂತು ಇಂಗಿದ ತಗ್ಗುಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆವು. ಹತ್ತಿರ ಮರಗಳಿದ್ದ ಮೂರನ್ನು ಆರಿಸಿದೆವು. ಅಲ್ಲಿ ಯಾರ ಬೇಲಿಯೂ ಇಲ್ಲ, ಆದರೂ ಪರರ ನೆಲ ಎಂಬ ಭಯ ನನಗೆ. ನಮ್ಮ ಶಾಲೆಯ ಆಫೀಸಿನ ಒಮಾನಿ ಹೆಂಗಸನ್ನು ಕೇಳಿದೆ. ಬಯಲಿನಲ್ಲಿ ಯಾರೂ ತಡೆಯುವುದಿಲ್ಲ, ಒಂಟೆ ಕಟ್ಟಿದ ಕಡೆ ಹೋಗಬೇಡಿ, ಡೇರೆ ಕಂಡರೆ ಸಲಾಂ ಹೇಳಿ, ಅಗೆದ ಗುಂಡಿ ಮುಚ್ಚಿ ಬನ್ನಿ ಎಂದಳು. ಅವಳ ಮೂರು ಮಾತನ್ನೂ ಚೀಟಿಯಲ್ಲಿ ಬರೆದುಕೊಂಡೆ. ಟೀಚರ ಚಾಳಿ ಎಲ್ಲಿ ಹೋಗುತ್ತದೆ.

ಅವಳ ಗಂಡ ಜಾಗ ಗೊತ್ತಿರುವ ಒಬ್ಬ ಡ್ರೈವರನ್ನು ಗೊತ್ತು ಮಾಡುತ್ತೇನೆ ಎಂದರು. ಬೇಡ ಎಂದಳು. "ಹಾಗಾದರೆ ಒಂಟೆ ಹಿಕ್ಕೆ ತುಂಬಿಸಿಕೊಂಡು ಬರ್ತೀರಿ" ಎಂದು ನಗಾಡಿದರು. ನಗಾಡಿದವರೇ ಗ್ಯಾರೇಜಿನ ಹಳೆಯ ಫೋರ್ ವೀಲ್ ಗಾಡಿಯ ನಾಲ್ಕೂ ಟಯರು ಬದಲಿಸಿ, ಮರಳಿಗೆ ಇಳಿಯುವ ಮುಂಚೆ ಗಾಳಿ ಎಷ್ಟು ಬಿಡಬೇಕೆಂದು ನನಗೆ ಎರಡು ಸಲ ತೋರಿಸಿ, ಹಿಂದೆ ಸಲಿಕೆಯನ್ನೂ ನೀರಿನ ಕ್ಯಾನುಗಳನ್ನೂ ಇಟ್ಟರು. ಡಾಂಬರು ರಸ್ತೆ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು ಎಂಬುದು ಅವರ ಒಂದೇ ಷರತ್ತು.

ಶನಿವಾರ ಅವಳ ಬೆಳಗಿನ ನಮಾಜು ಮುಗಿದ ಕೂಡಲೇ ಹೊರಟೆವು. ನಿಜ್ವಾ ದಾಟಿ, ಆದಂ ದಾಟಿ, ಮೊದಲ ತಗ್ಗು ಮುಟ್ಟಿದಾಗ ಬಿಸಿಲು ಇನ್ನೂ ಎಳೆಯದು. ಒಂಬತ್ತು ಘಾಫ್ ಮರಗಳಿದ್ದವು. ಅವಳು ದೋಸೆ ಸಟ್ಟುಗ ಹಿಡಿದು, ನಾನು ಮಕ್ಕಳ ಸ್ಕೇಲು ಹಿಡಿದು, ಪ್ರತಿ ಮರದ ಬುಡ ಕೆದಕಿದೆವು. ಸಿಕ್ಕಿದ್ದು ಆಡಿನ ಹಿಕ್ಕೆ, ತುಕ್ಕು ಹಿಡಿದ ಮೀನಿನ ಡಬ್ಬಿ, ಒಂದು ಮಗುವಿನ ಚಪ್ಪಲಿ. ಎರಡನೆಯ ತಗ್ಗಿನಲ್ಲಿ ಬರೀ ಜಾಲಿ ಮರ. ಮುಳ್ಳು ನನ್ನ ಚೂಡಿದಾರದ ತೋಳನ್ನು ಉದ್ದಕ್ಕೆ ಹರಿಯಿತು. ಮೂರನೆಯದಕ್ಕೆ ಬರುವಾಗ ಗಂಟೆ ಹನ್ನೊಂದೂವರೆ, ನನ್ನ ತಾಳ್ಮೆಯ ಗಂಟೆ ಅದಕ್ಕೂ ಮುಂಚೆಯೇ ಮುಗಿದಿತ್ತು.

"ಮರದ ಕೆಳಗೆ, ಮರದ ಕೆಳಗೆ ಅಂತ ಹೇಳಿದ್ದು ನೀನು. ಆ ಮುದುಕ ಮಂಗ ಮಾಡಿದ, ನೀನು ಮಂಗ ಆದೆ, ನನ್ನನ್ನೂ ಮಾಡಿದೆ" ಎಂದುಬಿಟ್ಟೆ.

ಅವಳು ಸಟ್ಟುಗದ ಮಣ್ಣನ್ನು ಸೆರಗಿನಲ್ಲಿ ಒರೆಸಿದಳು. ಆ ಮಾತು ಈಗಲೂ ನೆನಪಾದರೆ ನನಗೆ ನಾಚಿಕೆಯಾಗುತ್ತದೆ.

ಒಂದು ಘಾಫ್ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಅಕ್ಕಿ ರೊಟ್ಟಿ, ಹುರಿದ ಬಂಗುಡೆ. ಅಷ್ಟರಲ್ಲಿ ಅವಳ ಗಂಡನ ಫೋನು. ಸ್ಪೀಕರಿನಲ್ಲಿತ್ತು.

"ಎಂತ, ಖಲಾಸಾ? ಆದದ್ದು ಆಯ್ತು, ಯಲ್ಲಾ, ವಾಪಸ್ ಬನ್ನಿ."

"ಖಲಾಸ್ ಆಗಲಿಲ್ಲ" ಎಂದು ಅವಳು ಇಟ್ಟುಬಿಟ್ಟಳು. ಮತ್ತೆ ರೊಟ್ಟಿ ಮುರಿಯಲು ಹೋದವಳು ಕೈ ತಡೆದಳು.

"ಟೀಚರೇ, ಅವನು ಶಜರ್ ಅಂತಲ್ಲವಾ ಹೇಳಿದ್ದು?"

"ಎಷ್ಟು ಸಲ ಹೇಳ್ತಿ. ಶಜರ್ ಅಂದರೆ ಮರ ಅಂತ ನೀನೇ ಹೇಳಿದ್ದಲ್ಲ."

"ಮರ ಹೌದು. ಆದರೆ ನಮ್ಮ ಮದ್ರಸದಲ್ಲಿ ಉಸ್ತಾದರು ಸೋರೆಬಳ್ಳಿಗೂ ಶಜರ್ ಅಂತಲೇ ಕಲಿಸಿದ್ದು. ಬಳ್ಳಿ ಹೇಗೆ ಮರ ಆಗ್ತದೆ ಅಂತ ನಾನು ನಗಾಡಿದೆ. ಅದಕ್ಕೆ ಆ ದಿನ ಪೂರ್ತಿ ಬೆಂಚಿನ ಮೇಲೆ ನಿಲ್ಲಿಸಿದ್ರು."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮರ ಎಂದು ತೀರ್ಮಾನಿಸಿದ್ದು ಮುದುಕನಲ್ಲ, ನಮ್ಮ ಊರಿನ ಗುಡ್ಡ. ಕಲ್ಲಣಬೆ ಅಂದರೆ ಮರದ ಬುಡ ಎಂದು ಹುಟ್ಟಿದಂದಿನಿಂದ ತಲೆಯಲ್ಲಿ ಕೂತಿತ್ತು. ಅವನು ಹೇಳಿದ್ದು ಗಿಡ. ಯಾವ ಗಿಡವೂ ಆಗಬಹುದು.

ಅವಳು ರೊಟ್ಟಿಯನ್ನು ಡಬ್ಬಕ್ಕೆ ಹಾಕಿ ಎದ್ದು ನೆರಳು ಬಿಟ್ಟು ಬಿಸಿಲಿಗೆ ನಡೆದಳು. ತಗ್ಗಿನ ನಡುವೆ, ಬೆಳಗಿನಿಂದ ನಾವು ತುಳಿದುಕೊಂಡೇ ಓಡಾಡಿದಂಥ ಜಾಗದಲ್ಲಿ, ಪಾದದ ಗಂಟಿನಷ್ಟೂ ಎತ್ತರವಿಲ್ಲದ ಬೂದು ಬಣ್ಣದ ಗಿಡಗಳಿದ್ದವು. ಕೆಲವಕ್ಕೆ ಸಾಸಿವೆಯಷ್ಟು ಹಳದಿ ಹೂವು. ಅವಳು ಬೆನ್ನು ಬಗ್ಗಿಸಿ ಒಂದೊಂದೇ ಗಿಡದ ಸುತ್ತ ನೋಡುತ್ತ ಹೋದಳು. ನಾನು ಸ್ಕೇಲು ಹಿಡಿದು ಹಿಂದೆ ಹಿಂದೆ.

ಒಂದು ಕಡೆ ನಿಂತಳು. ನೆಲ ಹಪ್ಪಳದ ಹಾಗೆ ಉಬ್ಬಿ, ಉಬ್ಬಿದಲ್ಲಿ ಮೂರು ಸೀಳು ಬಿಟ್ಟಿತ್ತು. ಅವಳು ಮೊಣಕಾಲೂರಿ ಸಟ್ಟುಗವನ್ನು ಓರೆಯಾಗಿ ತೂರಿಸಿ, ಮೆಲ್ಲಗೆ ಮೀಟಿದಳು. ಮಣ್ಣಿನೊಂದಿಗೆ ಮುಷ್ಟಿ ಗಾತ್ರದ ಉಂಡೆಯೊಂದು ಎದ್ದು ಬಂತು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದಳು, ನನ್ನ ಮೂಗಿಗೆ ಹಿಡಿದಳು, ಆಮೇಲೆ ಅಲ್ಲೇ ಮಣ್ಣಿನಲ್ಲಿ ಕೂತು ನಗಲು ಶುರುಮಾಡಿದಳು. ನನಗೆ ಅಷ್ಟು ಖುಷಿ ನನ್ನ ಡ್ರೈವಿಂಗ್ ಟೆಸ್ಟು ಪಾಸಾದಾಗಲೂ ಆಗಿರಲಿಲ್ಲ, ಅದು ಆರನೆಯ ಸಲದ್ದು.

ಕಣ್ಣಿಗೆ ಆ ಸೀಳು ಅಭ್ಯಾಸವಾದ ಮೇಲೆ ತಡೆಯುವವರಿಲ್ಲ. ಮೂರು ಗಂಟೆಯ ಒಳಗೆ ನಾವು ತಂದಿದ್ದ ಬೋಗುಣಿ ತುಂಬಿ, ಬುತ್ತಿ ಡಬ್ಬ ತುಂಬಿ, ಉಳಿದದ್ದನ್ನು ನನ್ನ ಹರಿದ ಚೂಡಿದಾರದ ಶಾಲಿನಲ್ಲಿ ಕಟ್ಟಿದೆವು. ಪ್ರತಿ ಗುಂಡಿಯನ್ನೂ ಅಂಗೈಯಿಂದ ಮುಚ್ಚಿದೆವು. ಹೊರಡುವಾಗ ಅವಳು ಮೊಬೈಲಿನ ಮ್ಯಾಪಿನಲ್ಲಿ ನಿಂತ ಜಾಗಕ್ಕೆ ಗುರುತು ಹಾಕಿ ಏನೋ ಹೆಸರು ಬರೆದಳು. ನಾನು ಕೇಳಲಿಲ್ಲ.

ಘಾಲಾ ಮುಟ್ಟುವಾಗ ಸಂಜೆಯ ಬಾಂಗು ಆಗುತ್ತಿತ್ತು. ಅವಳ ಗಂಡ ಕೈಗೆ ಹತ್ತಿದ ಗ್ರೀಸ್ ಒರೆಸುತ್ತ ಬಂದರು. ಬೋಗುಣಿ ನೋಡಿದರು, ಒಂದನ್ನು ಎತ್ತಿ ತೂಗಿ ನೋಡಿದರು, ಗಾಡಿಯೊಳಗೆ ಬೇರೆ ಯಾರಾದರೂ ಇದ್ದಾರಾ ಎಂದು ಬಗ್ಗಿ ನೋಡಿದರು.

"ಯಾರು ತೋರಿಸಿದ್ದು?"

"ನಾನು" ಎಂದಳು.

ಆ ಮನುಷ್ಯ ಬೋಗುಣಿಯನ್ನು ತಲೆಯ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿದರು. ಮರುದಿನ ತೆಂಗಿನಕಾಯಿ ಅರೆದು ಗಸಿ ಮಾಡಿದೆವು. ಏಳು ಸಲ ತೊಳೆದರೂ ಹಲ್ಲಿಗೆ ಮರಳು ಸಿಗುತ್ತಿತ್ತು. ನನ್ನ ಗಂಡ ಮೂರು ಸಲ ಬಡಿಸಿಕೊಂಡರು, ಬೇಟೆಯ ಮಾತೆತ್ತಲಿಲ್ಲ.

ಅವಳು ಹೋಗುವ ದಿನ ಏರ್‌ಪೋರ್ಟಿನಲ್ಲಿ ತಬ್ಬಿಕೊಂಡು ಇಬ್ಬರೂ ಅತ್ತೆವು, ಚೆನ್ನಾಗಿಯೇ ಅತ್ತೆವು. ಅವಳು ಒಳಗೆ ಹೋದ ಮೇಲೆ ನನ್ನ ಮೊಬೈಲಿಗೆ ಆ ಗುರುತು ಬಂತು. ಹೆಸರು "ನನ್ನ ಜಾಗ" ಎಂದಿತ್ತು. ಕೆಳಗೆ ಒಂದು ಸಾಲು: "ಟೀಚರೇ, ಗುಡುಗಿದರೆ ನೀವು ಹೋಗಿ. ಯಾರಿಗೂ ಹೇಳಬೇಡಿ."

ಈ ಚಳಿಗಾಲ ಆದಮಿನ ಕಡೆ ಮತ್ತೆ ಗುಡುಗಿತು. ಸುದ್ದಿ ಕೇಳಿದ ನನ್ನ ಗಂಡ ತಾವಾಗಿಯೇ ಕ್ಯಾಲೆಂಡರ್ ತಿರುವಿ, ಈ ಸಲ ತಮ್ಮ ಆಫೀಸಿನವರೂ ಬರುತ್ತಾರಂತೆ, ಜಾಗ ಎಲ್ಲಿ ಹೇಳು ಎಂದರು. ನಾನು ಗಡ್ಡವಿಲ್ಲದ ಗಲ್ಲ ಸವರಿಕೊಂಡೆ.

"ಆದಂ ದಾಟಿದ ಮೇಲೆ" ಎಂದೆ. "ಶಜರ್ ಕೆಳಗೆ."