ಪರದೆ ಬಟ್ಟೆಯ ಪ್ರಥಮ ಮಹಿಳೆ

ಒಬ್ಬ ರಾಷ್ಟ್ರಪತಿಯ ಹೆಂಡತಿಗೆ ನಾನು ಒಂದೇ ಹಗಲಿನಲ್ಲಿ ಬಟ್ಟೆ ಹೊಲಿದುಕೊಟ್ಟೆ ಎಂದರೆ ಊರಿನಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಅದಕ್ಕೆ ಎರಡು ತಿದ್ದುಪಡಿಗಳೂ ಇವೆ. ಆಕೆಯ ಗಂಡ ಆಗ ರಾಷ್ಟ್ರಪತಿಯಾಗಿರಲಿಲ್ಲ, ಸೋತು ನಾಲ್ಕು ವರ್ಷವಾಗಿತ್ತು. ನಾನು ಟೈಲರ್ ಆಗಿರಲಿಲ್ಲ, ಕುವೈತಿನಲ್ಲಿ, ಮಿರ್ಕಾಬಿನ ಒಂದು ಆಫೀಸಿನಲ್ಲಿ ಸೆಕ್ರೆಟರಿಯಾಗಿದ್ದೆ. ಸಮ್ಮೇಳನಗಳಿಗೆ ಹಾಲ್, ಹೋಟೆಲ್, ಊಟ ಎಲ್ಲ ಗೊತ್ತು ಮಾಡಿಕೊಡುವುದು ನಮ್ಮ ಕಂಪನಿಯ ಕೆಲಸ. ಮದುವೆಗೆ ಮುಂಚೆ ಊರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಹತ್ತಿರ ಹೊಲಿಗೆ ಕಲಿತಿದ್ದೆ. ಮೈದಾನ್ ಹವಲ್ಲಿಯ ನಮ್ಮ ಫ್ಲಾಟಿನಲ್ಲಿ ಒಂದು ಮೆಷಿನ್ ಇತ್ತು, ನಮ್ಮ ಊರ ಕಡೆಯ ಹೆಂಗಸರ ಬ್ಲೌಸುಗಳನ್ನು ಹೊಲಿಯುತ್ತಿದ್ದೆ. ಅಷ್ಟೇ ನನ್ನ ಅರ್ಹತೆ.

ತೊಂಬತ್ತರ ದಶಕದ ಕೊನೆ ಅದು. ಗುರುವಾರ, ಶುಕ್ರವಾರ ರಜೆ ಇರುತ್ತಿದ್ದ ಕಾಲ. ಆ ಗುರುವಾರ ಸಂಜೆ ಐದಕ್ಕೆ ಮಹಿಳೆಯರ ಒಂದು ಸಂಘದ ಸಭೆ ಇತ್ತು. ಬಡ ದೇಶಗಳಲ್ಲಿ ಹೆರಿಗೆ ಮಾಡಿಸುವ ನರ್ಸುಗಳಿಗೆ ತರಬೇತಿ ಕೊಡಿಸುವ ವಿಷಯ. ಮುಖ್ಯ ಅತಿಥಿ ಪಶ್ಚಿಮ ಆಫ್ರಿಕಾದ ಒಂದು ಪುಟ್ಟ ದೇಶದ ಮಾಜಿ ಪ್ರಥಮ ಮಹಿಳೆ. ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಮ್ಯಾನೇಜರ್ ಮೇಡಂ ಅವರ ಫೋನು ಬಂತು. ಅತಿಥಿ ಬಂದಿಳಿದಿದ್ದಾರೆ, ಸೂಟ್‌ಕೇಸ್ ಬಂದಿಲ್ಲ, ಮೈಮೇಲಿನ ಬಟ್ಟೆ ಬಿಟ್ಟರೆ ಬೇರೇನೂ ಇಲ್ಲ, ಯಲ್ಲಾ, ಬೇಗ ಹೊರಡು, ಹೋಟೆಲಿಗೆ ಹೋಗಿ ಏನಾದರೂ ಮಾಡು ಎಂದರು.

ನಾನು ಹೋಗುವಾಗ ಒಂಬತ್ತು ವರ್ಷದ ಮಗಳನ್ನೂ ಕರೆದುಕೊಂಡು ಹೋದೆ. ಗಂಡನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಡ್ಯೂಟಿ, ಮನೆಯಲ್ಲಿ ಅವಳೊಬ್ಬಳನ್ನೇ ಬಿಡುವ ಹಾಗಿರಲಿಲ್ಲ. ಹೋಟೆಲಿನ ಕೋಣೆಯ ಬಾಗಿಲು ತೆರೆದವರನ್ನು ನೋಡಿ ನಾನು ಕತ್ತೆತ್ತಬೇಕಾಯಿತು. ಅರವತ್ತು ದಾಟಿದ, ಆರಡಿಯ ಹೆಂಗಸು. ಬೂದು ಬಣ್ಣದ ಟ್ರ್ಯಾಕ್ ಸೂಟ್, ಕಾಲಲ್ಲಿ ಕ್ಯಾನ್‌ವಾಸ್ ಶೂ. ಸಿದ್ಧ ಉಡುಪಿನ ಅಂಗಡಿಗೆ ಹೋಗೋಣವೇ ಎಂದು ಕೇಳಿದೆ. ತನ್ನ ಅಳತೆಯ ಬಟ್ಟೆ ಅಂಗಡಿಗಳಲ್ಲಿ ಸಿಕ್ಕಿದ್ದೇ ಇಲ್ಲ, ಅದೂ ಅಲ್ಲದೆ ತನ್ನ ಊರಿನ ಹೆಂಗಸರ ಪರವಾಗಿ ಮಾತಾಡುವಾಗ ಬೇರೆ ಯಾರದೋ ಗೌನಿನಲ್ಲಿ ನಿಲ್ಲಲಾರೆ ಎಂದರು. ಸೊಂಟಕ್ಕೆ ಸುತ್ತುವ ಬಟ್ಟೆ, ಮೇಲೊಂದು ಸಡಿಲ ರವಿಕೆ, ತಲೆಗೆ ಎತ್ತರದ ರುಮಾಲು, ಇಷ್ಟಿದ್ದರೆ ಸಾಕಂತೆ. ಹೊಲಿಯುವವರು ಯಾರಾದರೂ ಗೊತ್ತೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿಬಿಟ್ಟಳು:

"ಮೈ ಮದರ್ ಕ್ಯಾನ್ ಸ್ಟಿಚ್ ಎನಿಥಿಂಗ್."

ಸೂಕ್ ಎಂದು ಕರೆಯುವ ಹಳೆ ಪೇಟೆಯಲ್ಲಿ ನನಗೆ ಗುರುತಿದ್ದದ್ದು ಒಬ್ಬರೇ ಬಟ್ಟೆ ವ್ಯಾಪಾರಿ, ನಮ್ಮ ಜಿಲ್ಲೆಯ ಬ್ಯಾರಿ ಸಾಹೇಬರು. ಆ ದಿನ ಅವರ ಅಂಗಡಿಯ ಅರ್ಧ ಥಾನುಗಳು ಕೆಳಗಿಳಿದವು. ನಮ್ಮ ಅತಿಥಿ ಸ್ಟೂಲಿನ ಮೇಲೆ ಕೂತು ಒಂದೊಂದನ್ನೂ ಮೂಸಿ, ಹಿಸುಕಿ, ಬದಿಗಿಡುತ್ತಿದ್ದರು. ಕೊನೆಗೆ ಎದ್ದು ಹೋಗಿ ಅಂಗಡಿಯ ಹಿಂಬದಿಯಿಂದ ತಾವೇ ಒಂದು ಥಾನು ಎಳೆದು ತಂದರು. ಕಡು ನೀಲಿಯ ಮೇಲೆ ಅಂಗೈಯಗಲದ ಕಿತ್ತಳೆ ಹೂಗಳು. ಸಾಹೇಬರು ನನ್ನ ಕಿವಿಯ ಹತ್ತಿರ ಬಂದರು.

"ಅದು ಡ್ರೆಸ್ಸಿಂದಲ್ಲ ಮಾರಾಯ್ರೆ, ಕರ್ಟನಿದ್ದು. ನಾನು ಹೇಳ್ಲಾ, ನೀವು ಹೇಳ್ತೀರಾ?"

ನಾನೇ ಹೇಳಿದೆ. ಆಕೆ ಆ ಸ್ಟೂಲಿನ ಮೇಲೆ ಕುಸಿದು ನಗತೊಡಗಿದರು. ಆ ನಗು ಹೊಟ್ಟೆಯಿಂದ ಏಳುವಂಥದ್ದು, ಭುಜ ಅಲುಗುವಂಥದ್ದು. ಪಕ್ಕದಂಗಡಿಯ ಇರಾನಿ ಕೂಡ ಬಂದು ಇಣುಕಿದ. ಏನೆಂದು ಗೊತ್ತಿಲ್ಲದೆ ನಾವೂ ನಕ್ಕೆವು. ಸಾಹೇಬರು ಕಣ್ಣೊರೆಸಿಕೊಂಡು ಬಟ್ಟೆ ಕತ್ತರಿಸಿಕೊಟ್ಟರು.

ಆಕೆ ನಕ್ಕ ಕಾರಣ ಗೊತ್ತಾದದ್ದು ಕಾರಿನಲ್ಲಿ. ಗಂಡ ರಾಷ್ಟ್ರಪತಿಯಾಗುವ ತನಕ ಆಕೆ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರಂತೆ. ಅರಮನೆಯಂಥ ಮನೆಗೆ ಹೋದರೆ ಅಲ್ಲಿನ ಪ್ರತಿ ಕಿಟಕಿಗೂ ಮಖಮಲ್ಲಿನ ಪರದೆ, ಒಳಗಡೆ ಬಿಳಿ ಹತ್ತಿಯ ಪದರ. ಇತ್ತ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ಸುತ್ತಲು ಬಟ್ಟೆಯಿಲ್ಲ. ಎರಡನೇ ವಾರ ಆಕೆ ಪರದೆಗಳನ್ನು ಕೆಳಗಿಳಿಸಿ, ಒಳಪದರ ಬಿಚ್ಚಿ, ಕತ್ತರಿಸಿ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಪತ್ರಿಕೆಯವರು ಆಕೆ ಪರದೆ ಉಟ್ಟ ವ್ಯಂಗ್ಯಚಿತ್ರ ಹಾಕಿದರು. ಗಂಡ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಆರೋಗ್ಯ ಮಂತ್ರಿ ನಾಚಿಕೊಂಡು ಲಾರಿ ತುಂಬ ಬಟ್ಟೆ ಕಳಿಸಿದ.

ಪ್ರಥಮ ಮಹಿಳೆಗೆ ಆಫೀಸಿಲ್ಲ, ಸಹಿಯಿಲ್ಲ, ಅಧಿಕಾರವಿಲ್ಲ, ಎಂದು ಆಕೆ ವಿವರಿಸಿದರು. ಇರುವುದು ಒಂದೇ, ಅವಳು ಎಲ್ಲಿ ನಿಲ್ಲುತ್ತಾಳೋ ಅಲ್ಲಿ ಕ್ಯಾಮೆರಾ ಬಂದು ನಿಲ್ಲುತ್ತದೆ. ಹಾಗಾಗಿ ಕ್ಯಾಮೆರಾ ಎಂದೂ ಹೋಗದ ಕಡೆಯೆಲ್ಲ ಹೋಗಿ ನಿಂತೆ, ಎಂದರು. ಸೋರುವ ಹೆರಿಗೆ ವಾರ್ಡು, ಬೆಂಚಿಲ್ಲದ ಹೆಣ್ಣುಮಕ್ಕಳ ಶಾಲೆ, ಹೆಂಗಸರ ಜೈಲು. ಆಕೆ ಹೋಗಿ ಬಂದ ಕಡೆ ಒಂದು ತಿಂಗಳೊಳಗೆ ಗೋಡೆಗೆ ಸುಣ್ಣವಾದರೂ ಬೀಳುತ್ತಿತ್ತಂತೆ.

ಬಟ್ಟೆ ಕೊಂಡಾದ ಮೇಲೆ ಆಕೆಯನ್ನು ಹೋಟೆಲಿಗೆ ಬಿಡೋಣವೆಂದಿದ್ದೆ. ಆಕೆ ಒಪ್ಪಲಿಲ್ಲ. ಸೂಟ್‌ಕೇಸಿನ ದಾರಿ ಕಾಯುತ್ತ ಕೋಣೆಯಲ್ಲಿ ಕೂರುವ ಬದಲು ಅಂಚು ಮಡಚಿ ಕೈಹೊಲಿಗೆ ಹಾಕಿಕೊಡುತ್ತೇನೆ ಎಂದರು. ನಮ್ಮ ಕಟ್ಟಡದ ಲಿಫ್ಟ್ ಆ ವಾರ ಕೆಟ್ಟಿತ್ತು. ನಾಲ್ಕು ಮಹಡಿ ಹತ್ತುವಾಗ ಪ್ರತಿ ತಿರುವಿನಲ್ಲಿ ನಿಂತು ಆಕೆ ನನ್ನ ಮಗಳಿಗೆ ಒಂದೊಂದು ಕತೆ ಹೇಳಿದರು. ಚುನಾವಣೆ ಸೋತ ಮೇಲೆ ಮೂರು ವಾರ ಪ್ರತಿ ಬಾಗಿಲಿನ ಮುಂದೂ ಸುಮ್ಮನೆ ನಿಂತುಬಿಡುತ್ತಿದ್ದರಂತೆ, ಯಾರಾದರೂ ತೆರೆಯುತ್ತಾರೆಂದು. ಒಂದು ದಿನ ಬಾತ್‌ರೂಮಿನ ಬಾಗಿಲ ಮುಂದೆಯೂ ಹಾಗೇ ನಿಂತದ್ದನ್ನು ಗಂಡ ನೋಡಿ ನಕ್ಕನಂತೆ. ಸೋತ ಮೇಲೆ ಆತ ನಕ್ಕದ್ದು ಅದೇ ಮೊದಲು. ಮರುದಿನ ಆಕೆ ಹಳೆಯ ಆಸ್ಪತ್ರೆಗೆ ಹೋಗಿ ಕೆಲಸ ಕೇಳಿದರು. ಅಲ್ಲಿನ ಮೇಟ್ರನ್ ಆಕೆಯ ಕೈಕೆಳಗೆ ಕಲಿತ ಹುಡುಗಿ. ಖಾಲಿ ಇರುವುದು ರಾತ್ರಿ ಪಾಳಿ ಮಾತ್ರ ಎಂದು ಅಳುಕುತ್ತ ಹೇಳಿದಳಂತೆ. ಇವರು ಏಪ್ರನ್ ಕಟ್ಟಿಕೊಂಡರು.

ಮನೆ ಸೇರಿದಾಗ ಹನ್ನೆರಡೂವರೆ. ನಾನು ನೆಲದ ಮೇಲೆ ಬಟ್ಟೆ ಹಾಸಿ ಕತ್ತರಿಸಲು ಕೂತೆ, ಆಕೆ ಪಕ್ಕದಲ್ಲಿ ಟ್ರ್ಯಾಕ್ ಸೂಟಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ನಿನ್ನೆಯ ಬಂಗುಡೆ ಸಾರನ್ನು ಬಿಸಿ ಮಾಡಿ ಕೊಟ್ಟೆ. ಕೈಯಲ್ಲೇ ಕಲಸಿ, ಮುಳ್ಳನ್ನು ನಮ್ಮ ಹಾಗೆಯೇ ತುಟಿಯಂಚಿನಿಂದ ತೆಗೆದು, ಮೂರು ಸಲ ಅನ್ನ ಹಾಕಿಸಿಕೊಂಡರು. ಅಷ್ಟರಲ್ಲಿ ಸುದ್ದಿ ಕೆಳಗಿನ ಮಹಡಿಗೆ ಇಳಿದಿತ್ತು. ಮೊದಲು ಬಂದವಳು ಕೆಳಗಿನ ಮನೆಯ ತುಂಬು ಬಸುರಿ. ಮಗು ತಲೆ ಮೇಲಾಗಿದೆಯೇನೋ ಎಂದು ಒಂದು ವಾರದಿಂದ ಅವಳಿಗೆ ನಿದ್ದೆಯಿಲ್ಲ. ಆಕೆ ಅವಳನ್ನು ನಮ್ಮ ದಿವಾನದ ಮೇಲೆ ಮಲಗಿಸಿದರು. ನನ್ನ ಕೊರಳಿನಿಂದ ಅಳತೆ ಟೇಪನ್ನು ಎಳೆದುಕೊಂಡು ಹೊಟ್ಟೆ ಅಳೆದರು, ಕಣ್ಣು ಮುಚ್ಚಿ ಎರಡೂ ಅಂಗೈಗಳಿಂದ ತಡವಿದರು.

"ತಲೆ ಕೆಳಗೇ ಇದೆ. ಸೋಮಾರಿ ಮಗು, ನಿದ್ದೆ ಮಾಡುತ್ತಿದೆ. ನೀನೂ ಮಾಡು," ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಆ ಹುಡುಗಿ ನಗುತ್ತ ಅತ್ತಳು, ಆಮೇಲೆ ಅಲ್ಲೇ ದಿವಾನದ ಮೇಲೆ ಗೊರಕೆ ಹೊಡೆದಳು.

ನಾನು ಎಡವಿದ್ದು ಇದನ್ನೆಲ್ಲ ನೋಡುತ್ತ ಕತ್ತರಿ ಆಡಿಸಿದ್ದರಿಂದ. ಎರಡು ತೋಳುಗಳನ್ನೂ ಎಡಗೈಗೇ ಕತ್ತರಿಸಿದ್ದೆ. ಗಂಟೆ ಮೂರು, ಉಳಿದ ಬಟ್ಟೆಯೆಲ್ಲ ತಲೆಯ ರುಮಾಲಿಗೆ ಬೇಕು. ಎರಡೂ ತೋಳುಗಳನ್ನು ಎತ್ತಿ ಆಕೆಗೆ ತೋರಿಸಿದೆ. ಆಕೆ ಒಂದನ್ನು ಕೈಗೆ ತೆಗೆದುಕೊಂಡು ತಿರುವಿದರು. ತಿರುವಿದಾಗ ಅದು ಸರಿಯಾಗಿ ಬಲಗೈಯ ತೋಳೇ, ಆದರೆ ಬಟ್ಟೆಯ ಹಿಂಬದಿ ಹೊರಗೆ. ಅಲ್ಲಿ ನೀಲಿ ಮಾಸಿತ್ತು, ಹೂಗಳು ಹಾಲು ಸುರಿದ ಹಾಗಿದ್ದವು. ಹೀಗೇ ಹೊಲಿ ಎಂದರು. ನಾನು ಹೊಲಿದೆ. ನಾಲ್ಕೂಕಾಲಿಗೆ ರುಮಾಲು ಕಟ್ಟಿ ಆಕೆ ಎದ್ದು ನಿಂತಾಗ ನಮ್ಮ ಹಾಲ್ ಚಿಕ್ಕದಾಯಿತು. ಮಗಳು ಚಪ್ಪಾಳೆ ತಟ್ಟಿದಳು, ಬಸುರಿ ಎಚ್ಚರಾಗಿ ಎದ್ದು ಕೂತು, ಯಾರೆಂದು ಗುರುತು ಸಿಗದೆ ಕೈಮುಗಿದಳು.

ಸಭೆಯಲ್ಲಿ ನಾನು ಮಗಳ ಜೊತೆ ಗೋಡೆಗೊರಗಿ ನಿಂತಿದ್ದೆ. ಆಕೆ ಬರೆದುಕೊಂಡು ಬಂದ ಭಾಷಣ ಸೂಟ್‌ಕೇಸಿನಲ್ಲಿತ್ತು. ಪೀಠಕ್ಕೆ ಕೈಯೂರಿ, ನಾನು ಮಧ್ಯಾಹ್ನ ಇನ್ನೂ ಹುಟ್ಟದ ಒಂದು ಮಗುವನ್ನು ಮಾತಾಡಿಸಿ ಬಂದೆ ಎಂದು ಶುರು ಮಾಡಿ, ಇಪ್ಪತ್ತು ನಿಮಿಷ ಮಾತಾಡಿದರು. ತಮ್ಮ ಊರಿನಲ್ಲಿ ಒಬ್ಬ ನರ್ಸ್ ಎಷ್ಟು ದೂರ ನಡೆಯಬೇಕಾಗುತ್ತದೆ, ನಡೆಯುವಷ್ಟರಲ್ಲಿ ಏನೇನಾಗುತ್ತದೆ ಎಂದಷ್ಟೇ ಹೇಳಿದರು. ಮುಂದಿನ ಸಾಲಿನ ಕುವೈತಿ ಹೆಂಗಸರು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ತರಬೇತಿಯ ಮೊದಲ ತಂಡಕ್ಕೆ ಒಪ್ಪಿಗೆ ಆ ಸಂಜೆಯೇ ಸಿಕ್ಕಿತು.

ಚಹಾದ ಹೊತ್ತಿನಲ್ಲಿ ಮುತ್ತಿನ ಹಾರದ ಒಬ್ಬ ಮಹಿಳೆ ನಮ್ಮ ಅತಿಥಿಯ ಹತ್ತಿರ ಬಂದು, ಎರಡು ತೋಳುಗಳಿಗೆ ಎರಡು ಛಾಯೆ ಇರುವುದು ನಿಮ್ಮ ದೇಶದ ಪದ್ಧತಿಯೇ ಎಂದು ಕೇಳಿದರು. ನಾನು ಟ್ರೇಯ ಹಿಂದೆ ಅಡಗಿದೆ. ಅತಿಥಿ ಗಂಭೀರವಾಗಿ ತಲೆಯಾಡಿಸಿದರು.

"ಇವತ್ತಿನಿಂದ ಪದ್ಧತಿ," ಎಂದರು.

ಎಂಟಕ್ಕೆ ಮನೆಗೆ ಬಂದರೆ ಗಂಡ ಖಾಲಿ ಪಾತ್ರೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದರು. ಬಂಗುಡೆ ಸಾರು ಎಂತ ಆಯ್ತು ಎಂದು ಕೇಳಿದರು. ಪ್ರಥಮ ಮಹಿಳೆ ತಿಂದರು ಎಂದೆ. ಯಾವ ಪ್ರಥಮ ಮಹಿಳೆ ಎಂದು ಅವರು ಕೇಳಿದ್ದೇ ನನಗೂ ಮಗಳಿಗೂ ನಗು ಬಂತು, ಆ ನಗು ಬಿಕ್ಕಳಿಕೆಯಾಯಿತು. ಗೋಡೆ ಹಿಡಿದುಕೊಂಡು ನೆಲಕ್ಕೆ ಜಾರಿ ಕೂತೆವು. ಅವರು ಪಾತ್ರೆ ಕೆಳಗಿಟ್ಟು, ಕಾರಣ ತಿಳಿಯದೆಯೇ ನಮ್ಮ ಪಕ್ಕದಲ್ಲಿ ಕೂತು ನಗತೊಡಗಿದರು.