ಬಾಬು ಮಿಸ್ತ್ರಿ ಮತ್ತು ಎರಡು ಬೆರಳಿನ ಸಂದು

ವಿಜಯಪುರದ ಅಥಣಿ ರಸ್ತೆಯಲ್ಲಿ ಹೊಸ ಬಡಾವಣೆಗಳ ಕಮಾನುಗಳು ಮುಗಿದು ಕರಿಮಣ್ಣಿನ ಹೊಲ ಶುರುವಾಗುವ ಕಡೆ ತಗಡು ಹೊದಿಸಿದ ಒಂದು ಗ್ಯಾರೇಜು ಇದೆ. ಅದರ ಒಡೆಯ ಬಾಬು ಮಿಸ್ತ್ರಿ. ವಯಸ್ಸು ಐವತ್ತೆರಡು, ಎತ್ತರ ಐದಡಿ ಎರಡು ಇಂಚು, ಅಂಜಿಕೆ ಸುಮಾರು ಆರಡಿ. ಮೂವತ್ತು ವರ್ಷಗಳಲ್ಲಿ ಈತ ಇಳಿಸಿ ಏರಿಸಿದ ಗೇರ್‌ಬಾಕ್ಸುಗಳನ್ನು ಸಾಲಾಗಿ ಇಟ್ಟರೆ ತಿಕೋಟಾ ಮುಟ್ಟುತ್ತವೆ ಎನ್ನುತ್ತಾರೆ ಗೆಳೆಯರು. ಆದರೂ ಪ್ರತಿ ಗಾಡಿ ಗೇಟು ದಾಟುವಾಗ ಈತ ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯಂತೆ ನಿಲ್ಲುತ್ತಾನೆ. ಬಿಗಿದ ಬೋಲ್ಟನ್ನು ಮೂರು ಸಲ ಬಿಗಿಯುತ್ತಾನೆ. ಊಟಕ್ಕೆ ಕೂತವನು ಎದ್ದುಹೋಗಿ ನಾಲ್ಕನೆಯ ಸಲ ಮುಟ್ಟಿ ನೋಡುತ್ತಾನೆ. ಹೆಂಡತಿ ಆಮ್ರಪಾಲಿ ಇದಕ್ಕೊಂದು ಪರಿಹಾರ ಕಂಡುಕೊಂಡಿದ್ದಾಳೆ: ರೊಟ್ಟಿಯ ತಾಟನ್ನು ನೇರವಾಗಿ ಗಾಡಿಯ ಬಾನೆಟ್ಟಿನ ಮೇಲೆ ಇಟ್ಟುಬಿಡುತ್ತಾಳೆ.

ಇಂಥ ಧೀರನ ಹೆಗಲ ಮೇಲೆ ಈ ಮೇ ತಿಂಗಳಲ್ಲಿ ಭೂಭಾರವೇ ಬಂದು ಬಿತ್ತು. ಭೂಭಾರವೆಂದರೆ ಯಶೋಧರಾ ಡಾಕ್ಟರಬಾಯಿಯ ಜೀಪು.

ಯಶೋಧರಾ ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಿಗೆ ದನದ ಡಾಕ್ಟರು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಸೋತಿದೆ; ಕ್ಲಚ್ ಒತ್ತುವ ಬಲ ಅದಕ್ಕಿಲ್ಲ. ಅದಕ್ಕೇ ಆಕೆ ಹುಡುಕಿ ಹುಡುಕಿ ತಂದದ್ದು ಕ್ಲಚ್ಚೇ ಇಲ್ಲದ, ಗೇರು ತಾನೇ ಬದಲಿಸಿಕೊಳ್ಳುವ, ನಾಲ್ಕೂ ಗಾಲಿ ಎಳೆಯುವ ಆಟೋಮ್ಯಾಟಿಕ್ ಜೀಪು. ರಸ್ತೆ ಎಂಬುದು ಬರೀ ಸುದ್ದಿಯಾಗಿರುವ ಹೊಲಗಳ ನಡುವೆ ಕುರಿ ಕೂಡಿಹಾಕುವ ದಡ್ಡಿ ಎಲ್ಲಿ ಬಿದ್ದಿದೆಯೋ ಅಲ್ಲಿಗೆ ಆಕೆಯನ್ನು ಮುಟ್ಟಿಸುತ್ತಿದ್ದದ್ದು ಅದೇ.

ಅದನ್ನು ಕೊಂದದ್ದು ಶತ್ರುವಲ್ಲ, ಉಪಕಾರ. ಕಳ್ಳಕವಟಗಿಯಲ್ಲಿ ಕುರಿಗಾರ ಅಮೋಘಸಿದ್ದನ ದಡ್ಡಿಯೊಳಗೆ ಒಂದು ಕುರಿ ಈಯಲಾರದೆ ಒದ್ದಾಡುತ್ತಿತ್ತು. ಡಾಕ್ಟರಬಾಯಿ ಅದರ ಆರೈಕೆಯಲ್ಲಿ ಮುಳುಗಿದ್ದಾಗ ಹೊರಗೆ ನಿಂತ ಜೀಪಿನ ಬ್ಯಾಟರಿ ಇಳಿದುಹೋಗಿತ್ತು. ನಮ್ಮ ಸೀಮೆಯಲ್ಲಿ ಚಾಲೂ ಆಗದ ಗಾಡಿಗೆ ಒಂದೇ ಮದ್ದು: ಮೊದಲು ಮಂದಿ ಕೂಡಿ ದೂಡುವುದು, ಆಗದಿದ್ದರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವುದು. ಡಾಕ್ಟರಬಾಯಿಗೆ ತೊಂದರೆ ಕೊಡುವುದೇಕೆಂದು ಅಮೋಘಸಿದ್ದ ಕೇಳದೆಯೇ ಹಗ್ಗ ಬಿಗಿದು, ಜೀಪನ್ನು ತಿಕೋಟಾದವರೆಗೆ ಭರಾಟೆಯಿಂದ ಎಳೆದೊಯ್ದು ರಿಪೇರಿ ಅಂಗಡಿಯ ಮುಂದೆ ನಿಲ್ಲಿಸಿದ. ಎಂಜಿನ್ ನಡೆಯದಿದ್ದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಎಣ್ಣೆ ಹರಿಯುವುದಿಲ್ಲ, ಬರೀ ಗಾಲಿ ಉರುಳಿದರೆ ಒಳಗಿನದೆಲ್ಲ ಒಣಗಿ ಸುಟ್ಟುಹೋಗುತ್ತದೆ ಎಂಬುದು ಅವನಿಗೆ ಹೇಗೆ ತಿಳಿಯಬೇಕು? ಹೊಸ ಬ್ಯಾಟರಿ ಹಾಕಿದಾಗ ಎಂಜಿನ್ ಗುಡುಗಿತು, ಜೀಪು ಮಾತ್ರ ಕದಲಲಿಲ್ಲ.

ಜೂನ್ ಮೊದಲ ಸೋಮವಾರ ಕುರಿಗಳಿಗೆ ಸೂಜಿ ಹಾಕುವ ಸುತ್ತು ಶುರುವಾಗಬೇಕಿತ್ತು. ಮೇಲಿನವರು ಕರುಣೆಯಿಂದಲೇ ಒಂದು ಪತ್ರ ತಯಾರಿಸಿದ್ದರು: ಗಾಡಿಯಿಲ್ಲದೆ ಕಷ್ಟಪಡುವ ಬದಲು ಡಾಕ್ಟರಬಾಯಿ ನಗರದ ಕಚೇರಿಯಲ್ಲೇ ಕೂತು ಕೆಲಸ ಮಾಡಲಿ, ಸೋಮವಾರ ಒಪ್ಪಿಗೆಯ ಸಹಿ ಹಾಕಲಿ. ಯಶೋಧರಾ ಜೀಪನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಾಬುವಿನ ಗ್ಯಾರೇಜಿಗೆ ಬಂದು ಟಾಯರಿನ ಮೇಲೆ ಕೂತಳು.

“ಬಾಬಣ್ಣ, ಇಪ್ಪತ್ತು ವರ್ಸದಿಂದ ಮಂದಿ ಈ ಕಾಲ ನೋಡಿ ನನಗ ಕುರ್ಚಿ ಕೊಡಾಕ ಬರ್ತಾರ. ಈ ಸಲ ಗಾಡಿನೂ ಅವರ ಕಡೆ ಸೇರೈತಿ. ಸೋಮವಾರ ಅದು ಹೊಲಕ್ಕ ಇಳೀಬೇಕು. ಇಲ್ಲಂದ್ರ ನಾನು ಕುರ್ಚಿಗಿ.”

ಬಾಬು ಅದುವರೆಗೆ ಒಂದೇ ಒಂದು ಆಟೋಮ್ಯಾಟಿಕ್ ಗೇರ್‌ಬಾಕ್ಸು ಬಿಚ್ಚಿರಲಿಲ್ಲ. “ಆಗ್ತೈತ್ರಿ ಅಕ್ಕಾರ” ಎಂದುಬಿಟ್ಟ. ಅಂಜಿಕೆ ಬರುವುದಕ್ಕೆ ಅರೆಗಳಿಗೆ ತಡವಾಗಿತ್ತು. ಅಷ್ಟರಲ್ಲಿ ಬಾಯಿ ಮಾತು ಕೊಟ್ಟಾಗಿತ್ತು. ಆಕೆ ಹೋದ ಮೇಲೆ ಬಂದ ಅಂಜಿಕೆ ಹೋಗಲೇ ಇಲ್ಲ.

ಹೊಸ ಗೇರ್‌ಬಾಕ್ಸು ಬರಲು ತಿಂಗಳೊಪ್ಪತ್ತು ಬೇಕಿತ್ತು. ಆಗ ಗುಜರಿ ವ್ಯಾಪಾರಿ ದಾವಲಸಾಬ, ಬಾಬುವಿನ ಬಾಲ್ಯದ ಗೆಳೆಯ ಮತ್ತು ಆಜನ್ಮ ಟೀಕಾಕಾರ, ಸೊಲ್ಲಾಪುರದ ಕಡೆ ಅಪಘಾತಕ್ಕೆ ಸಿಕ್ಕ ಅದೇ ಜಾತಿಯ ಜೀಪೊಂದರ ಗೇರ್‌ಬಾಕ್ಸು ಹೊತ್ತು ತಂದ. ಆದರೆ ಅದು ಮೂರು ವರ್ಷ ಹಳೆಯ ಮಾಡೆಲ್ಲಿನದು.

“ಒಂದ ತಾಯಿ ಹೊಟ್ಟ್ಯಾಗ ಹುಟ್ಟಿದ್ದಾವ್ಲೇ ಬಾಬ್ಯಾ. ಅದು ತಮ್ಮ, ಇದು ಅಣ್ಣ,” ಎಂದ ದಾವಲಸಾಬ.

“ಅಣ್ಣತಮ್ಮರು ಹೊಂದಿಕೊಂಡು ಹೋಗಿದ್ದು ಎಲ್ಲಿ ನೋಡೀದಿ ನೀ?” ಎಂದ ಬಾಬು.

ಎರಡು ದಿನ ಪಂಚಾಯ್ತಿ ನಡೆಯಿತು. ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ. ನಡುವೆ ಅಳತೆಗೆ ಜೋಳದ ದಂಟು ಮತ್ತು ದಾರ ಹಿಡಿದ ಬಾಬು. ಬೋಲ್ಟಿನ ತೂತುಗಳು ಕೂಡಿದವು. ಹಿಂದಿನ ಶಾಫ್ಟಿನ ಹಲ್ಲುಗಳನ್ನು ಐದು ಸಲ ಎಣಿಸಿದ, ಐದೂ ಸಲ ಸರಿಬಂದದ್ದಕ್ಕೆ ಅನುಮಾನಪಟ್ಟು ಆರನೆಯ ಸಲ ಎಣಿಸಿದ. ತಂಟೆ ಇದ್ದದ್ದು ವೈರಿನ ಪ್ಲಗ್ಗಿನಲ್ಲಿ. ಜೀಪಿನಿಂದ ಬರುವ ಪ್ಲಗ್ಗಿಗೆ ಹದಿನಾರು ಕಡ್ಡಿ, ಅಣ್ಣನಿಗೆ ಹದಿಮೂರೇ. ಗೇರ್‌ಬಾಕ್ಸಿನೊಳಗೆ ಯಾವ ಗೇರು ಯಾವಾಗ ಎಂದು ಹೇಳುವ ಒಂದು ವಿದ್ಯುತ್ ಫಲಕ ಇರುತ್ತದೆ. ಅದೇ ಅದರ ತಲೆ. ಹಳೆಯ ತಲೆಯ ಮಾತು ಹೊಸ ಜೀಪಿಗೆ ತಿಳಿಯದು.

ಬಾಬು ಫೋನಿನಲ್ಲಿ ವಿಡಿಯೊ ನೋಡಿದ. ಆಸ್ಪತ್ರೆಯಂಥ ಗ್ಯಾರೇಜುಗಳಲ್ಲಿ ಕೈಗವಸು ತೊಟ್ಟವರು ಯಾವುದೋ ದೇಶದ ಭಾಷೆಯಲ್ಲಿ ವಿವರಿಸುತ್ತಿದ್ದರು. ಭಾಷೆ ತಿಳಿಯಲಿಲ್ಲ, ಕೈ ತಿಳಿಯಿತು. ಉಪಾಯವೂ ಹೊಳೆಯಿತು: ಸುಟ್ಟ ತಮ್ಮನ ಹೊಟ್ಟೆಯೊಳಗೆ ತಲೆಯೊಂದು ಮಾತ್ರ ನೆಟ್ಟಗಿದೆ, ಅದನ್ನು ತೆಗೆದು ಅಣ್ಣನಿಗೆ ಕೂಡಿಸಬೇಕು. ಆಮ್ರಪಾಲಿ ಒಗೆದ ಬಿಳಿ ಧೋತರ ಹಾಸಿದಳು. ಶನಿವಾರ ಬೆಳಗಿನಿಂದ ಸಂಜೆಯವರೆಗೆ ಆ ಧೋತರದ ಮೇಲೆ ಶಿರಚ್ಛೇದ, ಶಿರಸ್ಥಾಪನೆ ಎರಡೂ ನಡೆದವು. ತೆಗೆದ ಪ್ರತಿ ಸ್ಕ್ರೂವನ್ನೂ ಅದರ ಜಾಗ ಬರೆದ ಕಾಗದಕ್ಕೆ ಚುಚ್ಚಿಟ್ಟಿದ್ದ. ನಡುವೆ ಹನ್ನೊಂದು ಸಲ ಕೈ ತೊಳೆದ.

“ಕೈ ತೊಳದ್ರ ಗೇರ್ ಬೀಳಂಗಿಲ್ರಿ,” ಎಂದಳು ಆಮ್ರಪಾಲಿ. ಆದರೂ ಹನ್ನೆರಡನೆಯ ಸಲ ನೀರು ಹಾಕಿದವಳೂ ಅವಳೇ.

ಭಾನುವಾರ ಮಧ್ಯಾಹ್ನ ಮಹಾಯುದ್ಧ. ದಾವಲಸಾಬ ತನ್ನ ಅಂಗಡಿಯ ಇಬ್ಬರನ್ನು ಕರೆತಂದಿದ್ದ. ಜಾಕಿನ ಮೇಲೆ ಅಣ್ಣ ಮೆಲ್ಲಗೆ ಏರಿ ಎಂಜಿನ್ನಿನ ಬೆನ್ನಿಗೆ ಹತ್ತಿರವಾಗುತ್ತ ಬಂದ. ಎರಡು ಬೆರಳಿನಷ್ಟು ಸಂದು ಉಳಿದಾಗ ನಿಂತ. ಇಬ್ಬರು ದೂಡಿದರು, ಮೂವರು ದೂಡಿದರು. ಸಂದು ಹಾಗೇ ಇತ್ತು.

“ಬೋಲ್ಟ ಹಾಕಿ ಎಳೀಲೇ. ತಾನ ಕೂಡ್ತೈತಿ,” ಎಂದ ದಾವಲಸಾಬ.

ಕ್ಲಚ್ಚಿನ ಜೀಪುಗಳಿಗೆ ಅದೇ ರೂಢಿ. ಒಂದೆರಡು ಸೂತು, ಅಂದರೆ ಕಾಲಿಂಚಿನೊಳಗೆ ಸಂದು ಉಳಿದರೆ ಉದ್ದನೆಯ ಬೋಲ್ಟು ಹಾಕಿ ಬಿಗಿದು ಎಳೆಯುವುದು. ಬಾಬು ಸಾವಿರ ಸಲ ಹಾಗೆ ಮಾಡಿದ್ದಾನೆ. ಬೋಲ್ಟು ತಿರುಗಿಸುವ ಪಾನಾ ಆಗಲೇ ಕೈಯಲ್ಲಿತ್ತು. ಎರಡು ಸುತ್ತು ತಿರುಗಿಸಿಯೂ ಆಗಿತ್ತು. ಮೂರನೆಯ ಸುತ್ತಿಗೆ ಬೋಲ್ಟು ಗಟ್ಟಿಯಾಯಿತು, ಬಾಬು ಕೈ ತಡೆದ. ಗಂಟೆ ಮೂರು. ಬೆಳಗಾದರೆ ಸೋಮವಾರ. ಈಗ ಬಿಗಿದರೆ ಸಂಜೆಗೆ ಗಾಡಿ ಸಿದ್ಧ. ಇಳಿಸಿದರೆ ಮತ್ತೆ ಮೊದಲಿನಿಂದ. ಟಾಯರಿನ ಮೇಲೆ ಕೂತಿದ್ದ ಡಾಕ್ಟರಬಾಯಿಯ ಮುಖ ನೆನಪಾಯಿತು. ಬೆವರು ಕಣ್ಣಿಗಿಳಿಯಿತು.

“ಇಳಿಸ್ರಿ,” ಎಂದ.

ದಾವಲಸಾಬ ಹಣೆ ಚಚ್ಚಿಕೊಂಡ. “ನಿನ್ನ ಒಂದು ಗಾಡಿ ಮಾಡಿದ್ರ, ಅದಕ ರಿವರ್ಸ ಗೇರ್ ಒಂದ ಇರ್ತಿತ್ತು ನೋಡು.”

ಇಳಿಸಿದರು. ಕ್ಲಚ್ಚಿನ ಜಾಗದಲ್ಲಿ, ಗೇರ್‌ಬಾಕ್ಸಿನ ಬಾಯಿಯೊಳಗೆ, ಎಣ್ಣೆ ತುಂಬಿದ ಕುಂಬಳಕಾಯಿಯಂಥ ಒಂದು ಡಬ್ಬಿ ಕೂತಿರುತ್ತದೆ. ಟಾರ್ಕ್ ಕನ್ವರ್ಟರ್ ಅನ್ನುತ್ತಾರೆ. ಸುಟ್ಟ ತಮ್ಮನಲ್ಲಿ ಅದೆಷ್ಟು ಆಳಕ್ಕೆ ಕೂತಿತ್ತೆಂದು ಬಾಬು ಜೋಳದ ದಂಟಿನ ಮೇಲೆ ಗುರುತು ಮಾಡಿಟ್ಟಿದ್ದ. ಅಣ್ಣನ ಬಾಯಿಗೆ ದಂಟು ಇಳಿಬಿಟ್ಟು ನೋಡಿದ. ಗುರುತಿಗೆ ಎರಡು ಬೆರಳು ಕಡಿಮೆ. ಎರಡೂ ಅಂಗೈ ಊರಿ ಡಬ್ಬಿಯನ್ನು ಒತ್ತುತ್ತ, ಮೆಲ್ಲಗೆ ತಿರುಗಿಸುತ್ತ ಹೋದ. ಹತ್ತು ನಿಮಿಷ ಏನೂ ಆಗಲಿಲ್ಲ. ಇಪ್ಪತ್ತು ನಿಮಿಷವೂ ಆಗಲಿಲ್ಲ. ಹತಾಶೆಯಲ್ಲಿ ಮೈಭಾರ ಬಿಟ್ಟಾಗ ಒಳಗೆಲ್ಲೋ ಟಕ್ ಎಂದಿತು. ಕುಂಬಳಕಾಯಿ ಸರಕ್ಕನೆ ಕೆಳಗಿಳಿದು ದಂಟಿನ ಗುರುತಿಗೆ ಸರಿಯಾಗಿ ನಿಂತಿತು. ಅದು ಹಾಗೆ ಕೂರದೆ ಬೋಲ್ಟು ಎಳೆದಿದ್ದರೆ ಒಳಗಿನ ಎಣ್ಣೆಯ ಪಂಪು ಪುಡಿಯಾಗುತ್ತಿತ್ತು. ಅಣ್ಣನೂ ತಮ್ಮನ ದಾರಿ ಹಿಡಿಯುತ್ತಿದ್ದ.

ಎರಡನೆಯ ಸಲ ಏರಿಸಿದಾಗ ಒಂದೇ ಕೈಯಿಂದ ದೂಡಿದರೂ ಸಂದು ಮುಚ್ಚಿಕೊಂಡಿತು. ದಾವಲಸಾಬ ಕೆಮ್ಮಿ ಚಹಾ ಹೇಳಲು ಹೋದ.

ಸಂಜೆ ಯಶೋಧರಾ ಬಂದಳು. ಜೀಪು ಅಂಗಳದಲ್ಲಿ ಒಮ್ಮೆ ಜಗ್ಗಿ ಮುಂದಕ್ಕೆ ಹೋಯಿತು, ಹಿಂದಕ್ಕೂ ಬಂತು. ಬೇರೆ ಯಾವ ಮಿಸ್ತ್ರಿಯಾದರೂ ಎದೆ ಉಬ್ಬಿಸುತ್ತಿದ್ದ. ನಮ್ಮ ವೀರ ನೆಲ ನೋಡುತ್ತ ಹೇಳಿದ: “ಅಂಗಳದಾಗ ನಡದೈತ್ರಿ ಅಕ್ಕಾರ. ಹೊಲದಾಗ ನಡೀತೈತೋ ಇಲ್ಲೋ ನನಗ ಗೊತ್ತಿಲ್ಲ.”

“ಗೊತ್ತಿಲ್ಲ ಅನ್ನೂ ಮಿಸ್ತ್ರಿ ಸಿಗೂದ ಕಡಿಮಿ, ಬಾಬಣ್ಣ,” ಎಂದು ಆಕೆ ಚಾವಿ ತಗೊಂಡಳು. ಸಹಿ ಹಾಕದ ಪತ್ರ ಇನ್ನೂ ಆಕೆಯ ಚೀಲದಲ್ಲೇ ಇತ್ತು.

ಸೋಮವಾರ ಬೆಳಿಗ್ಗೆ ಡಾಕ್ಟರಬಾಯಿ ಕಾಖಂಡಕಿಯ ಕಡೆ ಹೊರಟಳು. ನೂರು ಮಾರು ಹಿಂದೆ, ತಲೆಗೆ ಟವೆಲು ಸುತ್ತಿ, ಮೋಟರ್ ಸೈಕಲ್ಲಿನ ಮೇಲೆ ಒಬ್ಬ ಗುಪ್ತಚರ. ಬಬಲೇಶ್ವರ ದಾಟುವವರೆಗೆ ಡಾಂಬರು. ಜೀಪಿನ ಸದ್ದಿನಲ್ಲಿ ಬಾಬುವಿಗೆ ಹದಿನೇಳು ಬಗೆಯ ರೋಗ ಕೇಳಿಸಿದವು, ಹದಿನೇಳೂ ತನ್ನ ಮೋಟರ್ ಸೈಕಲ್ಲಿನವೇ. ಆಮೇಲೆ ಬಂಡಿದಾರಿ. ಕೊನೆಗೆ ಹಳ್ಳ.

ಹಳ್ಳದಲ್ಲಿ ಮಂಡಿಯಷ್ಟು ಮರಳು, ಆಚೆ ದಡ ಗೋಡೆಯಂತೆ ನೆಟ್ಟಗೆ. ಜೀಪು ಮರಳು ದಾಟಿತು, ದಡಕ್ಕೆ ಮೂತಿ ಇಟ್ಟಿತು, ಅರ್ಧ ಏರಿ ನಿಂತುಬಿಟ್ಟಿತು. ಎಂಜಿನ್ ಅರಚುತ್ತಿತ್ತು, ಗಾಲಿ ತಿರುಗುತ್ತಿರಲಿಲ್ಲ. ಜಾಲಿಗಿಡದ ಹಿಂದೆ ಬಾಬು ಉಸಿರು ಹಿಡಿದ. ಹರಕೆ ಹೊರುವ ರೂಢಿ ಅವನ ಮನೆತನದಲ್ಲಿಲ್ಲ. ಕೇಳಿಕೊಳ್ಳಲು ಇದ್ದದ್ದು ಗೇರ್‌ಬಾಕ್ಸೊಂದೇ. ‘ಏರಪಾ, ಏರು’ ಎಂದು ಬಾಯೊಳಗೇ ಅಂಗಲಾಚಿದ. ಜೀಪು ಒಂದು ಗೇಣು ಹಿಂದಕ್ಕೆ ಜಾರಿತು. ಬಾಬು ಕಣ್ಣು ಮುಚ್ಚಿದ. ಜಗ್ಗಿದ ಸದ್ದು ಕೇಳಿತು, ಮಣ್ಣು ಉದುರಿದ ಸದ್ದು ಕೇಳಿತು. ಕಣ್ಣು ಬಿಟ್ಟಾಗ ದಡದ ಮೇಲೆ ಧೂಳು ಮಾತ್ರ ಇತ್ತು. ಮೋಟರ್ ಸೈಕಲ್ಲನ್ನು ಜಾಲಿಗಿಡಕ್ಕೆ ಒರಗಿಸಿ ಮರಳಿಗಿಳಿದ.

ಅವನು ನಡೆದು ದಡ ಏರಿದಾಗ ಜೀಪು ಯಲಗೂರಪ್ಪನೆಂಬ ಕುರಿಗಾರನ ದಡ್ಡಿಯ ಮುಂದೆ ನಿಂತಿತ್ತು, ಬಾಗಿಲು ಹಾರುಹೊಡೆದು, ಚಾವಿ ಅದರಲ್ಲೇ. ಡಾಕ್ಟರಬಾಯಿ ಅದರ ಕಡೆ ತಿರುಗಿಯೂ ನೋಡದೆ, ಕಾಲೆಳೆಯುತ್ತ, ಮುನ್ನೂರು ಕುರಿಗಳ ನಡುವೆ ನುಗ್ಗಿಬಿಟ್ಟಿದ್ದಳು. ಒಂದು ಕಿವಿಗೆ ಫೋನು ಹಿಡಿದು ಕಚೇರಿಯವರಿಗೆ ಹೇಳುತ್ತಿದ್ದಳು: “ಆ ಕುರ್ಚಿ ಬ್ಯಾರೇದವ್ರಿಗೆ ಕೊಡ್ರಿ. ನಾನು ದಡ್ಡ್ಯಾಗ ಅದೀನಿ.”

ಫೋನು ಇಟ್ಟು ಈ ಕಡೆ ನೋಡಿದಳು. “ಬಬಲೇಶ್ವರದಿಂದ ಕನ್ನಡ್ಯಾಗ ನಿಮ್ಮ ಟವೆಲ್ ನೋಡಾಕತ್ತೇನಿ, ಬಾಬಣ್ಣ. ಬರ್ರಿ ಒಳಗ.”

ಬಾಬು ಜೀಪಿನ ಕೆಳಗೆ ಬಗ್ಗಿ ಎಣ್ಣೆ ಸೋರಿದೆಯೇ ಎಂದು ನೋಡಲು ಹೊರಟಿದ್ದ.

“ಅದನ್ನ ಬಿಡ್ರಿ. ಇದನ್ನ ಹಿಡೀರಿ,” ಎಂದು ಆಕೆ ಒಂದು ಟಗರನ್ನು ಅವನ ಕಡೆ ದೂಡಿದಳು.

ಹಿಡಿದ. ಟಗರು ಎದೆಗೆ ಗುದ್ದಿತು. ಕಿವಿ ಹಿಡಿಯಬಾರದು, ಹಿಂಗಾಲು ಹಿಡಿಯಬೇಕು ಎಂದು ಯಲಗೂರಪ್ಪ ನಗುತ್ತ ಹೇಳಿಕೊಟ್ಟ. ಊಟದ ಹೊತ್ತಿಗೆ ಬಾಬು ಮಿಸ್ತ್ರಿ ನೂರಾ ನಲವತ್ತು ಕುರಿ ಹಿಡಿದಿದ್ದ. ಅಷ್ಟೂ ಹೊತ್ತು ಜೀಪು ಅವನ ಬೆನ್ನ ಹಿಂದೆ ಇತ್ತು. ಅದರ ನೆರಳಲ್ಲಿ ನಾಲ್ಕು ಮರಿಗಳು ಮಲಗಿದ್ದವು.